ಸಭಿಕರಿಗೆ ಬೆನ್ನು ಮಾಡಿ ನಿಂತ ಹುಡುಗಿ

ವಾದ್ಯವೃಂದದ ಮುಂದೆ ನಿಂತು ಸಣ್ಣದೊಂದು ಕೋಲು ಬೀಸುವವರು ನಿಜಕ್ಕೂ ಮಾಡುವುದೇನು ಎಂಬುದು ನಮ್ಮ ಕಡೆಯ ಕಿವಿಗಳಿಗೆ ತಟ್ಟನೆ ತಿಳಿಯುವ ಸಂಗತಿಯಲ್ಲ. ನಮ್ಮ ಸಂಗೀತದಲ್ಲಿ ಆ ಹುದ್ದೆಯೇ ಇಲ್ಲ. ಹಾಡುವವರು ತಬಲಾದವರ ಕಡೆಗೊಮ್ಮೆ ಹುಬ್ಬು ಹಾರಿಸುತ್ತಾರೆ, ಸಾರಂಗಿಯವರು ತಲೆದೂಗುತ್ತಾರೆ, ಅಷ್ಟಕ್ಕೇ ಲಯ ಕೂಡಿಕೊಳ್ಳುತ್ತದೆ. ಕವ್ವಾಲಿಯಲ್ಲಂತೂ ಹಿಂದೆ ಕೂತ ಹಮ್‌ನವಾಗಳ ಚಪ್ಪಾಳೆಯೇ ಯಜಮಾನ. ಐವತ್ತು ಜನ ಸಾಲಾಗಿ ಕೂತು ಒಬ್ಬರ ಕೈ ನೋಡಿಕೊಂಡು ನುಡಿಸುವುದೆಂದರೆ ನಮ್ಮೂರಿನ ಹಿರಿಯರಿಗೆ ಅದು ಪೊಲೀಸ್ ಕವಾಯತಿನ ಹಾಗೆ ಕಂಡರೆ ಆಶ್ಚರ್ಯವಿಲ್ಲ.

ಕೆಲಸವೇನೂ ಸಣ್ಣದಲ್ಲ. ಬಲಗೈ ತಾಳದ ಎಣಿಕೆ ಹಿಡಿದಿರುತ್ತದೆ. ಎಡಗೈ ಯಾರು ಯಾವಾಗ ಒಳಗೆ ಬರಬೇಕು, ಎಷ್ಟು ಮೆಲ್ಲಗೆ, ಎಷ್ಟು ಜೋರಾಗಿ ಎಂದು ಹೇಳುತ್ತಿರುತ್ತದೆ. ಪ್ರತಿಯೊಬ್ಬ ವಾದಕನ ಮುಂದೆ ಅವನ ಪಾಲಿನ ಸ್ವರಗಳಷ್ಟೇ ಇರುವ ಹಾಳೆ. ಎಲ್ಲರ ಪಾಲೂ ಒಟ್ಟಿಗೆ ಬರೆದಿರುವ ಪುಸ್ತಕ ಇರುವುದು ಕೋಲು ಹಿಡಿದವರ ಮುಂದೆ ಮಾತ್ರ. ಅದನ್ನು ವಾರಗಟ್ಟಲೆ ಓದಿ, ಕಿವಿಯೊಳಗೇ ಕೇಳಿಸಿಕೊಂಡು, ತಾಲೀಮಿನಲ್ಲಿ ಒಬ್ಬೊಬ್ಬರನ್ನೂ ತಿದ್ದಿ ತಂದ ಮೇಲೆ ಸಭೆಯ ಮುಂದಿನದು ಕೊನೆಯ ಹಂತ. ಆ ಹೊತ್ತಿಗೆ ವೇದಿಕೆಯ ಮೇಲಿರುವ ಅಷ್ಟೂ ಮಂದಿಯಲ್ಲಿ ಒಂದು ಸ್ವರವನ್ನೂ ಹೊರಡಿಸದವರು ಅವರೊಬ್ಬರೇ. ಸಭಿಕರಿಗೆ ಮುಖ ಕೂಡ ತೋರಿಸುವುದಿಲ್ಲ.

ಈ ಕೆಲಸವನ್ನು ಓದುವ ಹುಡುಗಿಯರಿಬ್ಬರು ಸರದಿಯ ಮೇಲೆ ಮಾಡಿದ ಕಛೇರಿಯೊಂದರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆವು. ನಡೆದದ್ದು 2017ರ ಜನವರಿಯಲ್ಲಿ, ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ. ಜಗತ್ತಿನ ಹಣವಂತರೂ ಅಧಿಕಾರಸ್ಥರೂ ಪ್ರತಿವರ್ಷ ಸೇರುವ ವಿಶ್ವ ಆರ್ಥಿಕ ವೇದಿಕೆಯ ಸಮಾರೋಪ ಅದು. ನುಡಿಸಿದವರು ಕಾಬೂಲಿನ ಅಫ್ಘಾನಿಸ್ತಾನ ರಾಷ್ಟ್ರೀಯ ಸಂಗೀತ ಸಂಸ್ಥೆಯ ವಿದ್ಯಾರ್ಥಿನಿಯರು. ಹದಿಮೂರರಿಂದ ಇಪ್ಪತ್ತು ವರ್ಷದವರೆಗಿನ ಮೂವತ್ತಕ್ಕೂ ಹೆಚ್ಚು ಹುಡುಗಿಯರ ವೃಂದ, ಹೆಸರು ಜೊಹ್ರಾ. ಕೋಲು ಹಿಡಿದವರು ನೆಗೀನ್ ಖ್ಪಲ್ವಾಕ್ ಮತ್ತು ಜರೀಫಾ ಅದೀಬಾ. ನಾವು ಅಲ್ಲಿ ಕೂತು ಕೇಳಿದವರಲ್ಲ, ಚಿತ್ರಮುದ್ರಿಕೆಯಲ್ಲಿ ನೋಡಿದವರು. ತಲೆಯ ಮೇಲೆ ಬಣ್ಣದ ಓಢನಿ, ಮೈಮೇಲೆ ಕಸೂತಿಯ ಅಂಗಿ. ಪಿಟೀಲಿನ ಪಕ್ಕದಲ್ಲಿ ರುಬಾಬ್, ಅದರ ಪಕ್ಕದಲ್ಲಿ ಸಿತಾರ್, ಹಿಂದೆ ತಬಲಾ. ನಡುವೆ ಒಬ್ಬೊಬ್ಬಳಿಗೇ ಬಿಟ್ಟುಕೊಟ್ಟ ಸಾಲುಗಳು ಬಂದಾಗ ಉಳಿದವರು ದನಿ ತಗ್ಗಿಸಿ ಅವಳಿಗೆ ದಾರಿ ಬಿಡುತ್ತಾರೆ. ಆ ದಾರಿ ಬಿಡಿಸುವುದೇ ಎಡಗೈಯ ಕೆಲಸ ಎಂಬುದು ನಮಗೆ ಅರ್ಥವಾದದ್ದು ಅಲ್ಲಿ.

ಜೊಹ್ರಾ ಎಂಬ ಹೆಸರು ನಮ್ಮ ಮೊಹಲ್ಲಾಗಳಿಗೆ ಹೊಸದಲ್ಲ. ಕನ್ನಡದ ಬಾಯಲ್ಲಿ ಜೋರಾಬಿ ಆಗಿ, ಹಿಟ್ಟಿನ ಗಿರಣಿಯಲ್ಲೂ ಬೀಡಿ ಕಟ್ಟುವ ಜಗಲಿಯಲ್ಲೂ ಒಬ್ಬಳಾದರೂ ಸಿಕ್ಕೇ ಸಿಗುತ್ತಾಳೆ. ಹಜ್ರತ್ ಫಾತಿಮಾರ ಬಿರುದಾದ ಜಹ್ರಾ ಬೇರೆ, ಈ ಜೊಹ್ರಾ ಬೇರೆ. ಇದು ಶುಕ್ರಗ್ರಹ. ಫಾರಸಿ ಕಾವ್ಯದಲ್ಲಿ ಅವಳು ಆಕಾಶದ ವಾದ್ಯಗಾರ್ತಿ. ಉರ್ದು ಶಾಲೆಯಲ್ಲಿ ನಮಗೆ ಇದನ್ನು ಹೇಳಿಕೊಟ್ಟ ಮೇಷ್ಟ್ರು, ಗ್ರಹ ನುಡಿಸಿದರೆ ತಪ್ಪಿಲ್ಲ, ಹುಡುಗಿ ನುಡಿಸಿದರೆ ಮಾತ್ರ ತಪ್ಪು ಎಂದು ನಗುತ್ತಿದ್ದರು. ಅವರು ನಕ್ಕದ್ದು ಯಾರ ಮೇಲೆ ಎಂಬುದು ಆಗ ತರಗತಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಕಾಬೂಲೆಂದರೆ ಬಾಂಬು, ಬಂದೂಕು ಎಂದಷ್ಟೇ ತಿಳಿದ ತಲೆಮಾರು ಈಗ ಬೆಳೆದಿದೆ. ಆ ಊರಿನ ಬಾಲಾ ಹಿಸಾರ್ ಕೋಟೆಯ ಹತ್ತಿರ ಕೂಚಾ–ಎ–ಖರಾಬಾತ್ ಎಂಬ ಕೇರಿ ಇತ್ತು, ಸಂಗೀತಗಾರರ ಕೇರಿ. 19ನೇ ಶತಮಾನದಲ್ಲಿ ಅಮೀರ್ ಶೇರ್ ಅಲಿ ಖಾನ್ ತಮ್ಮ ಆಸ್ಥಾನಕ್ಕೆಂದು ಹಿಂದೂಸ್ತಾನದಿಂದ ಕರೆಸಿಕೊಂಡ ಉಸ್ತಾದರ ಸಂತತಿ ಅಲ್ಲಿ ನೆಲೆಯಾಯಿತು. ಆಮೇಲೆ ಆ ಕೇರಿಯ ಹುಡುಗರು ಮತ್ತೆ ಹಿಂದೂಸ್ತಾನಕ್ಕೆ ಬಂದು ಕಲಿತುಹೋದರು. ಉಸ್ತಾದ್ ಸರಾಹಂಗ್ ಪಟಿಯಾಲಾ ಘರಾನೆಯಲ್ಲಿ ಕಲಿತವರು. ನಮ್ಮ ಸರೋದಿನ ಕತೆಯೂ ಇದೇ ದಾರಿಯದು. ಪಠಾಣರ ಜೊತೆ ಬಂದ ರುಬಾಬ್ ಶಾಹಜಹಾನ್‌ಪುರ, ಲಖನೌ, ಗ್ವಾಲಿಯರ್ ಕಡೆ ಬೇರೂರಿ, ಮರದ ಪಟ್ಟಿಯ ಜಾಗದಲ್ಲಿ ಲೋಹದ ತಗಡು ಹೊದ್ದು, ಕರುಳಿನ ತಂತಿ ಬಿಟ್ಟು ಲೋಹದ ತಂತಿ ಕಟ್ಟಿಕೊಂಡು ಸರೋದ್ ಆಯಿತು. ಕಾಬೂಲಿನ ಈ ಸಂಸ್ಥೆಗೆ ಸರೋದ್ ಕಲಿಸಲು ಹೋದವರಲ್ಲಿ ಅದೇ ಲಖನೌ–ಶಾಹಜಹಾನ್‌ಪುರ ಘರಾನೆಯ ಉಸ್ತಾದ್ ಇರ್ಫಾನ್ ಮುಹಮ್ಮದ್ ಖಾನ್ ಇದ್ದರು. ಗಡಿ, ಪಾಸ್‌ಪೋರ್ಟುಗಳು ಬರುವ ಮುಂಚೆ ಹೋದ ವಾದ್ಯ ಅವೆಲ್ಲ ಬಂದ ಮೇಲೆ ಹೆಸರು ಬದಲಿಸಿಕೊಂಡು ತವರಿಗೆ ಹೋದಂತಾಯಿತು.

1990ರ ದಶಕದ ಅಂತರ್ಯುದ್ಧದಲ್ಲಿ ಖರಾಬಾತ್ ಕೇರಿ ನೆಲಸಮವಾಯಿತು. 1996ರಿಂದ 2001ರವರೆಗೆ ಆಳಿದ ತಾಲಿಬಾನರು ಸಂಗೀತವನ್ನೇ ನಿಷೇಧಿಸಿದರು. ಕ್ಯಾಸೆಟ್ಟುಗಳ ಕರುಳು ಬಗೆದು ಆ ಕಂದು ಟೇಪನ್ನು ಚೆಕ್‌ಪೋಸ್ಟುಗಳ ಕಂಬಕ್ಕೆ ಸುತ್ತಿ ಹಾರಿಬಿಟ್ಟಿದ್ದರು. ಇದೆಲ್ಲ ಮುಗಿಯಿತೆಂದು ಜಗತ್ತು ನಂಬಿದ್ದ ಕಾಲದಲ್ಲಿ ಅಹ್ಮದ್ ಸರ್‌ಮಸ್ತ್ ಎಂಬವರು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಸಂಗೀತದ ಡಾಕ್ಟರೇಟ್ ಮುಗಿಸಿ 2008ರಲ್ಲಿ ಊರಿಗೆ ಮರಳಿದರು. ಅವರ ತಂದೆ ಉಸ್ತಾದ್ ಸಲೀಂ ಸರ್‌ಮಸ್ತ್ ಅಫ್ಘಾನಿಸ್ತಾನದ ಹೆಸರಾಂತ ಸಂಗೀತ ಸಂಯೋಜಕರು, ವಾದ್ಯವೃಂದ ನಡೆಸಿದವರು. ಸರ್‌ಮಸ್ತ್ ಎಂದರೆ ಮತ್ತೇರಿದವನು ಎಂದರ್ಥ. ಕವಿಗಳಿಗೆ ತಖಲ್ಲುಸ್ ಆಗಬಹುದಾದ ಹೆಸರು. ಮಗ ಮಾತ್ರ ಮತ್ತೇರಿದವರ ಹಾಗೆ ಕೆಲಸ ಮಾಡಲಿಲ್ಲ, ಕಡತ ಹಿಡಿದು ಸಚಿವಾಲಯ ಸುತ್ತಿ, ದಾನಿಗಳನ್ನು ಹುಡುಕಿ, 2010ರ ಜೂನ್‌ನಲ್ಲಿ ಸಂಸ್ಥೆಯ ಬಾಗಿಲು ತೆರೆಸಿದರು.

ಅದು ಶಾಲೆಯೂ ಹೌದು, ಕಾಲೇಜೂ ಹೌದು. 4ನೇ ತರಗತಿಯಿಂದ 14ನೆಯದರವರೆಗೆ ಓದು. ಹುಡುಗರು ಹುಡುಗಿಯರು ಒಟ್ಟಿಗೆ. ಅರ್ಧದಷ್ಟು ಸ್ಥಾನ ಅನಾಥ ಮಕ್ಕಳಿಗೆ, ಬೀದಿಯಲ್ಲಿ ಚೂಯಿಂಗ್ ಗಮ್, ಪ್ಲಾಸ್ಟಿಕ್ ಚೀಲ ಮಾರುವ ಮಕ್ಕಳಿಗೆ. ಅಂಥ ಮಗು ಶಾಲೆಗೆ ಬಂದರೆ ಮನೆಯ ಸಂಪಾದನೆ ನಿಲ್ಲುತ್ತದಲ್ಲ, ಅದಕ್ಕೆ ಬದಲಾಗಿ ಮನೆಯವರಿಗೆ ತಿಂಗಳಿಗೆ ಸುಮಾರು 30 ಡಾಲರ್ ಕೊಡುವ ಏರ್ಪಾಡು ಮಾಡಿದ್ದರು. ಸುಧಾರಣೆಯ ಭಾಷಣ ಮಾಡುವ ನಮ್ಮವರಿಗೆ ಈ ಲೆಕ್ಕ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಬೆಳಿಗ್ಗೆ ರುಬಾಬ್, ಮಧ್ಯಾಹ್ನ ಪಿಯಾನೊ. ಕಿವಿಯಿಂದ ಕಿವಿಗೆ ಕಲಿಯುವ ಪದ್ಧತಿ ಒಂದು, ಹಾಳೆ ನೋಡಿ ನುಡಿಸುವ ಪದ್ಧತಿ ಇನ್ನೊಂದು. ಎರಡನ್ನೂ ಒಂದು ವೃಂದಕ್ಕೆ ತರುವುದು ತಮಾಷೆಯ ಮಾತಲ್ಲ. 2013ರ ಫೆಬ್ರವರಿಯಲ್ಲಿ ಇಲ್ಲಿನ ಹುಡುಗ ಹುಡುಗಿಯರು ಅಮೆರಿಕದ ಕೆನಡಿ ಸೆಂಟರ್‌ನಲ್ಲೂ ಕಾರ್ನೆಗಿ ಹಾಲ್‌ನಲ್ಲೂ ನುಡಿಸಿದರು. ಇಟಲಿಯ ವಿವಾಲ್ಡಿ ರಚಿಸಿದ ನಾಲ್ಕು ಋತುಗಳ ಕೃತಿಯನ್ನು ಅಲ್ಲಿನ ಪಿಟೀಲು ಶಿಕ್ಷಕ ವಿಲಿಯಂ ಹಾರ್ವಿ ಅಫ್ಘಾನ್ ವಾದ್ಯಗಳಿಗೆ ಹೊಂದಿಸಿ ಬರೆದಿದ್ದರು. ಕಛೇರಿ ಮುಗಿಸಿ ಮಕ್ಕಳು ಕಾಬೂಲಿಗೆ, ತಮ್ಮ ತಮ್ಮ ಮನೆಗಳಿಗೆ, ಅನಾಥಾಲಯಗಳಿಗೆ ಹಿಂತಿರುಗಿದರು.

2014ರ ಡಿಸೆಂಬರ್ 11ರಂದು ಕಾಬೂಲಿನ ಫ್ರೆಂಚ್ ಸಾಂಸ್ಕೃತಿಕ ಕೇಂದ್ರದಲ್ಲಿ ಒಂದು ನಾಟಕ. ಸಂಗೀತ ಇದೇ ವಿದ್ಯಾರ್ಥಿಗಳದು. ನಾಟಕದ ವಸ್ತು ಆತ್ಮಾಹುತಿ ದಾಳಿಯ ಖಂಡನೆ. ಸಭಿಕರ ನಡುವೆಯೇ ಕೂತಿದ್ದ ಒಬ್ಬ ಹುಡುಗ ತನ್ನನ್ನು ಸ್ಫೋಟಿಸಿಕೊಂಡ. ಸರ್‌ಮಸ್ತ್ ಅವರ ಕಿವಿಯ ತಮಟೆಗಳು ಹರಿದವು, ತಲೆಯ ಹಿಂಭಾಗದಲ್ಲಿ ಚೂರುಗಳು ನೆಟ್ಟವು. ಸ್ವಲ್ಪ ಕಾಲ ಕಿವಿಯೇ ಕೇಳಿಸುತ್ತಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಚಿಕಿತ್ಸೆ ಪಡೆದು ಮತ್ತೆ ಕಾಬೂಲಿಗೇ ಹೋದರು. ಕತೆಗಾರರಾದ ನಮಗೆ ಇಂಥದನ್ನು ಕತೆಯಲ್ಲಿ ಬರೆಯಲು ಧೈರ್ಯ ಬರುತ್ತಿರಲಿಲ್ಲ, ಸಂಪಾದಕರು ಅತಿಯಾಯಿತು ಎಂದು ವಾಪಸು ಕಳಿಸುತ್ತಿದ್ದರು. ಜೊಹ್ರಾ ವೃಂದ ಮೊಳೆತದ್ದೂ ಅದೇ ವರ್ಷ. ಹುಡುಗಿಯರದೇ ಒಂದು ತಂಡ ಬೇಕೆಂದು ಕೇಳಿದವಳು ಒಬ್ಬ ವಿದ್ಯಾರ್ಥಿನಿ. ನಾಲ್ಕೈದು ಜನರಿಂದ ಶುರುವಾದದ್ದು ಮೂರು ವರ್ಷದೊಳಗೆ ದಾವೋಸ್ ಮುಟ್ಟಿತು.

ನೆಗೀನ್ ಕುನಾರ್ ಪ್ರಾಂತದವರು. ಓದಿದ್ದು ಕಾಬೂಲಿನ ಅನಾಥಾಲಯದಲ್ಲಿದ್ದುಕೊಂಡು. ಸಂಗೀತ ಕಲಿಯುವುದನ್ನು ಚಿಕ್ಕಪ್ಪ ದೊಡ್ಡಪ್ಪಂದಿರು ವಿರೋಧಿಸಿದರು, ಅಜ್ಜಿ ಮಗನನ್ನೇ ತೊರೆಯುವ ಮಾತಾಡಿದರು. ತಂದೆ ಮಾತ್ರ ಮಗಳ ಪಕ್ಕ ನಿಂತರು, ಸಂಸಾರ ಊರು ಬಿಟ್ಟು ಕಾಬೂಲಿಗೆ ಬಂತು. ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಸಮಾಜದ ಕತೆ ಬರೆಯುವವರು ಇಂಥ ತಂದೆಯರನ್ನು ಮರೆತುಬಿಡುತ್ತಾರೆ. ಮೌಲವಿ ಬರುತ್ತಾನೆ, ಗಂಡ ಬರುತ್ತಾನೆ, ಅಣ್ಣ ಬರುತ್ತಾನೆ. ಅಣ್ಣತಮ್ಮಂದಿರ ಮಾತು ಕೇಳಿಸಿಕೊಂಡು, ತಾಯಿಯ ಶಾಪ ಕೇಳಿಸಿಕೊಂಡು, ಮಗಳ ಚೀಲ ಎತ್ತಿಕೊಂಡು ಬಸ್ಸು ಹತ್ತುವ ಗಡ್ಡದ ಮನುಷ್ಯ ಬರುವುದಿಲ್ಲ.

ಈ ಮಾತು ಬರೆಯಲು ಕಾರಣವಿದೆ. ನಮ್ಮ ತಂಗಿಯ ಮಗಳು ಪದವಿ ಕಾಲೇಜಿನಲ್ಲಿದ್ದಾಗ ಯುವಜನೋತ್ಸವದ ವಾದ್ಯವೃಂದಕ್ಕೆ ಹಾರ್ಮೋನಿಯಂ ನುಡಿಸಲು ಆಯ್ಕೆಯಾದಳು. ಅವಳಪ್ಪ, ಅಂದರೆ ನಮ್ಮ ಭಾವ, ಐದು ಹೊತ್ತು ನಮಾಜಿನ ಮೆತ್ತಗಿನ ಮನುಷ್ಯ. ಮಸೀದಿಯ ಮೆಟ್ಟಿಲ ಮೇಲೆ ಯಾರೋ ಏನೋ ಅಂದರಂತೆ. ಒಂದು ಸಂಜೆ ನಮ್ಮಲ್ಲಿಗೆ ಬಂದು, ನೀವು ಉರ್ದುವೂ ಓದಿದವರು, ಕನ್ನಡವೂ ಓದಿದವರು, ಶರೀಅತ್ ಏನು ಹೇಳುತ್ತದೆ ಹೇಳಿ ಎಂದರು. ನಾವು ಆಲಿಮರಲ್ಲ. ಆದರೂ ತಿಳಿದಿದ್ದನ್ನು ಮುಂದಿಟ್ಟೆವು. ಈದಿನ ದಿನ ಹಜ್ರತ್ ಆಯಿಷಾರ ಮನೆಯಲ್ಲಿ ಇಬ್ಬರು ಹುಡುಗಿಯರು ದಫ್ ಬಡಿದು ಹಾಡುತ್ತಿದ್ದಾಗ ಹಜ್ರತ್ ಅಬೂಬಕರ್ ಗದರಿದ್ದು, ಪ್ರವಾದಿಯವರು ಅವರನ್ನು ಬಿಟ್ಟುಬಿಡಿ, ಇದು ನಮ್ಮ ಈದ್ ಎಂದದ್ದು ಬುಖಾರಿಯಲ್ಲಿದೆ. ವಾದ್ಯಗಳನ್ನು ಹಲಾಲ್ ಮಾಡಿಕೊಳ್ಳುವವರ ಬಗ್ಗೆ ಎಚ್ಚರಿಸುವ ಹದೀಸೂ ಬುಖಾರಿಯಲ್ಲೇ ಇದೆ. ಅದರ ಸನದನ್ನು ಇಬ್ನ್ ಹಜ್ಮ್ ಒಪ್ಪಲಿಲ್ಲ, ಬಹುಪಾಲು ಮುಹದ್ದಿಸರು ಒಪ್ಪಿದರು. ಇಮಾಮ್ ಗಜ್ಜಾಲಿಯವರು ತಮ್ಮ ಇಹ್ಯಾದಲ್ಲಿ ಸಮಾ ಬಗ್ಗೆ ಒಂದು ಇಡೀ ಭಾಗವನ್ನೇ ಬರೆದು, ಕೇಳುವವನ ಮನಸ್ಸು, ಸಂದರ್ಭ, ಹಾಡಿನ ಮಾತು ಇವುಗಳನ್ನು ನೋಡಿ ತೀರ್ಮಾನಿಸಿ ಎಂದರು. ಫಾರಾಬಿ ಸಂಗೀತಶಾಸ್ತ್ರದ ದೊಡ್ಡ ಗ್ರಂಥವನ್ನೇ ಬರೆದರು. ಚಿಶ್ತಿಯರು ಹಾಡಿದರು, ದೇವಬಂದಿನವರು ಬೇಡವೆಂದರು.

ಭಾವ ಎಲ್ಲ ಕೇಳಿ ಟೀ ಕುಡಿದು, ಎರಡೂ ಕಡೆಯದನ್ನು ಇಟ್ಟು ನೀವು ಸೇಫಾಗಿಬಿಟ್ಟಿರಿ ಎಂದರು. ಸರಿಯಾದ ಮಾತು. ಆಗ ನಾವು ನಮ್ಮ ಅಭಿಪ್ರಾಯ ಹೇಳಿದೆವು: ಅವಳು ನುಡಿಸಲಿ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ವಿಷಯದಲ್ಲಿ ನನಗೆ ಅಲ್ಲಾಹನ ಹೆದರಿಕೆ ಅಷ್ಟಿಲ್ಲ, ನಾಳೆ ಹೆಣ್ಣು ನೋಡಲು ಬರುವವರದು ಇದೆ ಎಂದರು. ಕೊನೆಗೆ ಅವಳು ನುಡಿಸಿದಳು. ಫೋಟೋ ಪತ್ರಿಕೆಯಲ್ಲಿ ಬರಬಾರದೆಂಬ ಷರತ್ತಿನ ಮೇಲೆ.

ನಮ್ಮೂರಿನಲ್ಲಿ ಮದುವೆ ದಿಬ್ಬಣದ ಬ್ಯಾಂಡ್ ಸೆಟ್ಟಿನವರು ಬಹುತೇಕ ಮುಸಲ್ಮಾನರೇ. ಭುಜಕ್ಕೆ ಜರತಾರಿಯ ಗೊಂಡೆ, ತಲೆಗೆ ಟೊಪ್ಪಿಗೆ, ಕೈಯಲ್ಲಿ ಕ್ಲಾರಿಯೊನೆಟ್. ಜಾತ್ರೆಯಲ್ಲೂ ಅವರೇ, ಗಣಪತಿ ಬಿಡುವಾಗಲೂ ಅವರೇ ಇದ್ದ ಕಾಲವನ್ನು ನಾವು ನೋಡಿದ್ದೇವೆ. ಧಾರವಾಡದ ಕಡೆ ಹೋದರೆ ಸಿತಾರಿಗೆ ರಹಿಮತ್ ಖಾನರ ಮನೆತನದ ಹೆಸರು ಮೊದಲು ಬರುತ್ತದೆ, ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು. ಗಂಡಸರು ನುಡಿಸುವಾಗ ಅದು ಹೊಟ್ಟೆಪಾಡು ಅಥವಾ ಘರಾನೆ, ಹೆಂಗಸರು ಢೋಲಕ್ ಬಡಿಯುತ್ತ ಮೆಹಂದಿಯ ರಾತ್ರಿ ಹಾಡುವಾಗ ಅದು ಶಾಸ್ತ್ರ. ಕಾಲೇಜಿನ ಹುಡುಗಿ ವೇದಿಕೆ ಹತ್ತಿದಾಗ ಮಾತ್ರ ಕಿತಾಬು ಹೊರಗೆ ಬರುತ್ತದೆ.

ದಾವೋಸಿನ ಚಪ್ಪಾಳೆಯ ವಿಷಯಕ್ಕೆ ಬರೋಣ. ಆ ಸಭೆಯಲ್ಲಿ ಎದ್ದು ನಿಂತು ತಟ್ಟಿದವರ ಬಗ್ಗೆ ನಮಗೆ ಅಂಥ ಗೌರವವಿಲ್ಲ. ಮೂರು ವರ್ಷದ ನಂತರ, 2020ರ ಫೆಬ್ರವರಿ 29ರಂದು, ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನರ ನಡುವೆ ಒಪ್ಪಂದವಾಯಿತು. ಅಂದಿನ ಕಾಬೂಲ್ ಸರ್ಕಾರವೇ ಆ ಮೇಜಿನಲ್ಲಿರಲಿಲ್ಲ, ಇನ್ನು ಈ ಹುಡುಗಿಯರನ್ನು ಕೇಳುವವರು ಯಾರು. ಹುಡುಗಿಯರ ಹೆಸರು ಹೇಳಿ ಯುದ್ಧ ಮಾಡಿದವರು ಹೊರಡುವಾಗ ಅವರ ಹೆಸರು ಹೇಳಲಿಲ್ಲ. ತಾಲಿಬಾನರ ಅಪರಾಧ ಇದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ, ಅದು ಬೇರೆ ಮಾತು.

2021ರ ಆಗಸ್ಟ್ 15ರಂದು ಕಾಬೂಲ್ ಬಿತ್ತು. ನೆಗೀನ್ ಮನೆಯಲ್ಲಿದ್ದರು. ತಾಲಿಬಾನರು ಊರ ಅಂಚಿಗೆ ಬಂದರೆಂದು ತಿಳಿದ ಕೂಡಲೇ ಮನೆಯಲ್ಲಿದ್ದ ವಾದ್ಯ ಅಡಗಿಸಿ, ತಮ್ಮ ಕಛೇರಿಗಳ ಫೋಟೋಗಳನ್ನು ಗುಡ್ಡೆ ಹಾಕಿ ಸುಟ್ಟರು. ಸುದ್ದಿಸಂಸ್ಥೆಯೊಂದರ ವರದಿಯಲ್ಲಿ ಇದನ್ನು ಓದಿದ ದಿನ ನಮಗೆ ಭಾವನ ಷರತ್ತು ನೆನಪಾಯಿತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಆದರೂ ನೆನಪಾಯಿತು. ನೆಗೀನ್ ಆಮೇಲೆ ದೇಶ ಬಿಟ್ಟು ಹೋಗಬೇಕಾಯಿತು.

ಸಂಸ್ಥೆಯ ಕಟ್ಟಡ ಬಂದೂಕಿನವರ ಬಿಡಾರವಾಯಿತು. ವಿದ್ಯಾರ್ಥಿಗಳು, ಅಧ್ಯಾಪಕರು, ಮನೆಮಂದಿ ಸೇರಿ 273 ಜನ ತಂಡ ತಂಡವಾಗಿ ದೋಹಾ ಮೂಲಕ 2021 ಮುಗಿಯುವುದರೊಳಗೆ ಪೋರ್ಚುಗಲ್ ತಲುಪಿದರು. ಒಂದು ಇಡೀ ಶಾಲೆಗೆ ಒಟ್ಟಾಗಿ ಆಶ್ರಯ ಕೊಟ್ಟ ದೇಶ ಅದು. ಎಷ್ಟೋ ಮಕ್ಕಳು ತಂದೆತಾಯಿಯರನ್ನು ಬಿಟ್ಟು ಬಂದವರು. ವಾದ್ಯಗಳು ಕಾಬೂಲಿನಲ್ಲೇ ಉಳಿದವು. ಲಿಸ್ಬನ್‌ನಲ್ಲಿ ಕೆಲವು ತಿಂಗಳು, ನಂತರ ಉತ್ತರದ ಬ್ರಾಗಾ ಮತ್ತು ಗಿಮರಾಯಿಶ್ ಊರುಗಳಲ್ಲಿ ವಾಸ, ಬ್ರಾಗಾದ ಗುಲ್ಬೆಂಕಿಯನ್ ಸಂಗೀತ ಶಾಲೆಯಲ್ಲಿ ಮತ್ತೆ ಅಭ್ಯಾಸ.

ಆ ಮುಂದಿನ ವರ್ಷದ ಮಾರ್ಚ್ ತಿಂಗಳನ್ನು ಕನ್ನಡ ನಾಡಿನ ಮುಸಲ್ಮಾನರಾದ ನಾವು ಬೇರೆ ಕಾರಣಕ್ಕೂ ಮರೆಯಲಾರೆವು. 2022ರ ಮಾರ್ಚ್ 15ರಂದು ನಮ್ಮ ಹೈಕೋರ್ಟ್ ತರಗತಿಯೊಳಗಿನ ಹಿಜಾಬ್ ನಿರ್ಬಂಧವನ್ನು ಎತ್ತಿಹಿಡಿಯಿತು. ಎಂಟು ದಿನದ ಮೇಲೆ, ಮಾರ್ಚ್ 23ರಂದು, ಕಾಬೂಲಿನಲ್ಲಿ ಹೈಸ್ಕೂಲುಗಳು ತೆರೆಯುತ್ತವೆಂದು ಪುಸ್ತಕ ಹಿಡಿದು ಬಂದ ಹುಡುಗಿಯರನ್ನು ತಾಲಿಬಾನರು ಬೆಳಿಗ್ಗೆಯೇ ವಾಪಸು ಕಳಿಸಿದರು. ಒಂದು ಕಡೆ ಬಟ್ಟೆ ಹೆಚ್ಚಾಯಿತೆಂದು, ಇನ್ನೊಂದು ಕಡೆ ಹುಡುಗಿಯಾಗಿದ್ದೇ ಹೆಚ್ಚಾಯಿತೆಂದು. ಗೇಟಿನ ಹೊರಗೆ ನಿಂತ ಇಬ್ಬರ ಕೈಯಲ್ಲೂ ಪುಸ್ತಕವಿತ್ತು. ಉಡುಪಿಯ ಗೇಟಿನ ಮುಂದೆ ನಿಂತವಳಿಗಾಗಿ ಕೂಗಿದ ನಮ್ಮವರಲ್ಲಿ ಕೆಲವರು ಕಾಬೂಲಿನವಳ ವಿಷಯ ಬಂದಾಗ ಗಂಟಲು ಸರಿಮಾಡಿಕೊಂಡರು. ಕಾಬೂಲಿನವಳಿಗಾಗಿ ಕಣ್ಣೀರಿಟ್ಟ ಕೆಲವು ಸುಧಾರಕರಿಗೆ ಉಡುಪಿಯವಳು ಕಾಣಿಸಲೇ ಇಲ್ಲ. ದಾವೋಸಿನ ವೇದಿಕೆಯ ಮೇಲೆ ಆ ಹುಡುಗಿಯರ ತಲೆಯ ಮೇಲೆ ಓಢನಿ ಇತ್ತು, ಕೈಯಲ್ಲಿ ಪಿಟೀಲಿತ್ತು. ಇಬ್ಬರಿಗೂ ಇದು ತೊಡಕಿನ ಚಿತ್ರ.

2023ರ ಜುಲೈಯಲ್ಲಿ ಹೆರಾತ್‌ನಲ್ಲಿ ಗಿಟಾರ್, ಹಾರ್ಮೋನಿಯಂ, ತಬಲಾಗಳನ್ನು ರಾಶಿ ಹಾಕಿ ಸುಟ್ಟರು. 2024ರ ಆಗಸ್ಟ್‌ನ ಕಾನೂನು ಹೆಣ್ಣಿನ ದನಿಯೂ ಮುಚ್ಚಿಡಬೇಕಾದದ್ದು ಎಂದು ಬರೆಯಿತು. ಅದಕ್ಕೆ ಬಳಸಿದ ಅರಬಿ ಪದ ಔರಹ್, ಮರೆಮಾಡಬೇಕಾದ ಅಂಗ ಎಂದು ಅರ್ಥ. ನಮ್ಮ ಮನೆಮಾತು ಉರ್ದುವಿನಲ್ಲಿ ಹೆಂಗಸಿಗೆ ಹೇಳುವ ಔರತ್ ಇದೇ ಪದದಿಂದ ಬಂದದ್ದು. ನಾವು ದಿನಕ್ಕೆ ಹತ್ತು ಸಲ ಹೇಳುವ ಮಾತು. ಕನ್ನಡದ ಹೆಣ್ಣು, ಹೆಂಗಸು, ಹೆಂಡತಿ ಎಂಬ ಪದಗಳಲ್ಲಿ ಈ ಮುಚ್ಚುಮರೆ ಇಲ್ಲ. ಎರಡು ಭಾಷೆಯಲ್ಲಿ ಓದಿದ್ದರ ಒಂದು ಲಾಭ ಇದು.

ಬ್ರಾಗಾದ ಮಕ್ಕಳು ಈಗ ಹುಡುಗ ಹುಡುಗಿಯರು ಕೂಡಿಯೇ ಅಫ್ಘಾನ್ ಯುವ ವಾದ್ಯವೃಂದ ಎಂಬ ಹೆಸರಿನಲ್ಲಿ ನುಡಿಸುತ್ತಾರೆ. 2024ರ ಮಾರ್ಚ್‌ನಲ್ಲಿ ಇಂಗ್ಲೆಂಡಿಗೆ ಹೊರಟಾಗ ಅಲ್ಲಿನ ಸರ್ಕಾರ ಮೊದಲು ವೀಸಾ ಇಲ್ಲವೆಂದಿತು, ಗದ್ದಲವಾದ ಮೇಲೆ ಕೊಟ್ಟಿತು. ಆಗಸ್ಟ್‌ನಲ್ಲಿ ಮತ್ತೆ ಕೆನಡಿ ಸೆಂಟರ್, ಮತ್ತೆ ಕಾರ್ನೆಗಿ ಹಾಲ್. 2013ರಲ್ಲಿ ಇದೇ ವೇದಿಕೆಗಳಲ್ಲಿ ನುಡಿಸಿದ ಮಕ್ಕಳು ಸಾಮಾನು ಕಟ್ಟಿಕೊಂಡು ಕಾಬೂಲಿನ ವಿಮಾನ ಹತ್ತಿದ್ದರು. ಹನ್ನೊಂದು ವರ್ಷದ ಮೇಲೆ ನುಡಿಸಿದವರು ರುಬಾಬುಗಳನ್ನು ಪೆಟ್ಟಿಗೆಯೊಳಗಿಟ್ಟು ಪೋರ್ಚುಗಲ್ಲಿಗೆ ಹಿಂತಿರುಗಿದರು.